ಬೋರ್‌ವೆಲ್ ನೀರು, ಹನ್ನೆರಡು ಮಕ್ಕಳು, ಮೂರು ವಾರ: ಬೇಸಿಗೆ ಸಂಶೋಧನೆ ನಡೆಸುವ ಬಗೆ

ಚಿತ್ರದುರ್ಗ ಜಿಲ್ಲೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ, ಮಿತಿ ಮೀರಿದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದ ಕಡೆ 1.5ರವರೆಗೆ ಒಪ್ಪಬಹುದು. ಸರ್ಕಾರಿ ಹೈಸ್ಕೂಲಿನ ಮಕ್ಕಳಿಗೆ ರಜೆಯಲ್ಲಿ ನಿಜವಾದ ಸಂಶೋಧನೆ ಮಾಡಿಸಬೇಕೆಂದರೆ ಇದಕ್ಕಿಂತ ಹತ್ತಿರದ ಪ್ರಶ್ನೆ ಸಿಗುವುದು ಕಷ್ಟ.

ಒಂಬತ್ತನೇ ತರಗತಿ ಮುಗಿಸಿದ ಹನ್ನೆರಡು ಮಕ್ಕಳು ಸಾಕು, ಮೂವರಿಗೊಂದು ತಂಡ. ಅಂಕಪಟ್ಟಿ ನೋಡಿ ಆರಿಸಬೇಡಿ, ಆಗ ಟ್ಯೂಷನ್ ಇರುವವರೇ ಬರುತ್ತಾರೆ. ಅರ್ಜಿ ಕನ್ನಡದಲ್ಲಿರಲಿ, ಒಂದೇ ಪ್ರಶ್ನೆ ಇರಲಿ: ನಿಮ್ಮೂರ ನೀರಿನ ಬಗ್ಗೆ ನಿಮಗೆ ಏನು ತಿಳಿಯಬೇಕು?

ಮಕ್ಕಳು ಅರ್ಧಕ್ಕೇ ಬಿಡುವುದು ವಿಜ್ಞಾನ ಕಷ್ಟವೆಂದಲ್ಲ, ದುಡ್ಡಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟೋ ಮಕ್ಕಳು ಕೂಲಿಗೆ ಹೋಗುತ್ತಾರೆ, ಇಲ್ಲವೇ ಮನೆಯಲ್ಲಿ ತಮ್ಮ, ತಂಗಿಯರನ್ನು ನೋಡಿಕೊಳ್ಳುತ್ತಾರೆ. ಹಾಗಾಗಿ ಭತ್ಯೆಯನ್ನು ಪ್ರತಿ ಶನಿವಾರ ಅಮ್ಮನ ಖಾತೆಗೆ ಹಾಕಿ. ಕೊನೆಗೆ ಒಟ್ಟಿಗೆ ಕೊಡುತ್ತೇವೆ ಎಂದರೆ ಎರಡನೇ ವಾರಕ್ಕೇ ಅರ್ಧ ಜನ ಇರುವುದಿಲ್ಲ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ಎಷ್ಟೋ ಹಳ್ಳಿಗಳಿಗೆ ಬರುವುದು ಖಾಸಗಿ ಬಸ್ಸು. ಅವರಿಗೂ ಬಸ್‌ಚಾರ್ಜ್ ಲೆಕ್ಕದಲ್ಲಿಡಿ. ಮಧ್ಯಾಹ್ನದ ಊಟ ನಿಮ್ಮದೇ.

ಊರು ಸುತ್ತುವ ಕೆಲಸ ಬೆಳಿಗ್ಗೆ ಏಳರಿಂದ ಹತ್ತರೊಳಗೆ ಮುಗಿಯಲಿ, ಆಮೇಲೆ ಬಿಸಿಲು ತಡೆಯಲಾಗದು. ಮೋಟಾರು ಹಾಕಿ ಐದು ನಿಮಿಷ ನೀರು ಹರಿಯಲು ಬಿಡಿ. ಪೈಪಿನಲ್ಲಿ ನಿಂತಿದ್ದ ನೀರು ಭೂಮಿಯೊಳಗಿನ ನೀರಿನ ಲೆಕ್ಕ ಹೇಳುವುದಿಲ್ಲ. ಬಾಟಲಿ ಪ್ಲಾಸ್ಟಿಕ್ಕಿನದೇ ಆಗಿರಲಿ, ಗಾಜು ಬೇಡ. ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಿ, ಒದ್ದೆಯಾದರೂ ಅಳಿಸದ ಮಾರ್ಕರಿನಲ್ಲಿ ಜಾಗ, ದಿನ, ಹೊತ್ತು ಬರೆಯಿಸಿ.

ಅಳತೆಗೆ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯ ಬೇಕು. ಜನವರಿಯಲ್ಲೇ ಪ್ರಾಂಶುಪಾಲರನ್ನು ಕೇಳಿಡಿ. ಬಣ್ಣ ನೋಡಿ ಫ್ಲೋರೈಡ್ ಅಳೆಯುವ ಸ್ಪಾಡ್ನ್ಸ್ (SPADNS) ವಿಧಾನ ಮಕ್ಕಳ ಕೈಗೆ ಒಗ್ಗುತ್ತದೆ: 50 ಮಿಲಿಲೀಟರ್ ನೀರಿಗೆ 10 ಮಿಲಿಲೀಟರ್ ಕೆಂಪು ಕಾರಕ ಬೆರೆಸಿ, ಬಣ್ಣ ಎಷ್ಟು ಗಾಢವೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 570 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ಓದುವುದು. ಫ್ಲೋರೈಡ್ ಹೆಚ್ಚಿದಷ್ಟೂ ಬಣ್ಣ ತಿಳಿಯಾಗುತ್ತದೆ. ಕಾರಕದಲ್ಲಿ ಆಮ್ಲವಿದೆ; ಗ್ಲೌಸು, ಕನ್ನಡಕ ಇಲ್ಲದವರು ಮುಟ್ಟಬಾರದು.

ಎಡವುವುದು ಇಲ್ಲೇ. ಈ ವಿಧಾನ ನೆಚ್ಚಿಗೆಯಿಂದ ಅಳೆಯುವುದು 1.4 ಮಿಲಿಗ್ರಾಮಿನವರೆಗೆ ಮಾತ್ರ, ನಮ್ಮ ನೀರು ಅದನ್ನು ಸುಲಭವಾಗಿ ದಾಟುತ್ತದೆ. ದಾಟಿದ ಮಾದರಿಯನ್ನು ಅಷ್ಟೇ ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿ ಮತ್ತೆ ಅಳೆದು, ಬಂದದ್ದನ್ನು ಎರಡರಿಂದ ಗುಣಿಸಿ. ಬಿಸಿಲಿನಿಂದ ತಂದ ಬಾಟಲಿಯನ್ನು ತಕ್ಷಣ ಅಳೆಯಬೇಡಿ. ಮಾದರಿ, ಪ್ರಮಾಣಿತ ದ್ರಾವಣ (ಫ್ಲೋರೈಡ್ ಎಷ್ಟಿದೆಯೆಂದು ಮೊದಲೇ ಗೊತ್ತಿರುವುದು) ಎರಡರ ಉಷ್ಣತೆಯೂ ಒಂದೇ ಇರಬೇಕು. ಕ್ಲೋರಿನ್ ಹಾಕಿದ ನಲ್ಲಿ ನೀರು, ಆಲಂ ಬಿದ್ದ ನೀರು ತಪ್ಪು ಲೆಕ್ಕ ಕೊಡುತ್ತವೆ, ಅವನ್ನು ತರಬೇಡಿ. ದಿನಾ ಮೊದಲು 1 ಮಿಲಿಗ್ರಾಮಿನ ಪ್ರಮಾಣಿತ ದ್ರಾವಣ ಅಳೆಯಿಸಿ, 0.9ರಿಂದ 1.1ರೊಳಗೆ ಬಾರದಿದ್ದರೆ ಆ ದಿನ ಮಾದರಿ ಮುಟ್ಟುವಂತಿಲ್ಲ. ಪ್ರತಿ ಮಾದರಿ ಎರಡೆರಡು ಸಲ. ಎರಡು ಓದು ಹೊಂದದಿದ್ದರೆ ಇಷ್ಟವಾದದ್ದನ್ನು ಆರಿಸಿಕೊಳ್ಳುವುದಲ್ಲ, ಮೂರನೇ ಸಲ ಅಳೆಯುವುದು. ಮೂರನ್ನೂ ಪುಸ್ತಕದಲ್ಲಿ ಬರೆಯುವುದು. ತಪ್ಪಾದದ್ದಕ್ಕೆ ಒಂದು ಗೆರೆ ಎಳೆಯಲಿ, ಅಳಿಸಬಾರದು. ಈ ಅಭ್ಯಾಸ ಕೂತರೆ ಮಗು ಸಂಶೋಧಕಿಯಾದಳೆಂದೇ ಲೆಕ್ಕ.

ಹೆಚ್ಚು ಬಂದ ನೀರಿನ ಸುದ್ದಿಯನ್ನು ಊರಲ್ಲಿ ಹಬ್ಬಿಸುವ ಮುಂಚೆ ಅದೇ ಮಾದರಿಯನ್ನು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಿ. ಆಮೇಲೆ ಪಂಚಾಯಿತಿಯಲ್ಲಿ ಮಕ್ಕಳೇ ಹೇಳಲಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ ಎಂಬುದನ್ನು ಅಜ್ಜಿಯಂದಿರಿಗೆ ಅವರ ಮೊಮ್ಮಕ್ಕಳೇ ತಿಳಿಸಲಿ.