ಒಳಮನೆಯ ಕ್ಯಾಮೆರಾವನ್ನು ಅಂಗಳಕ್ಕೆ ಹಾಕುವ ಬಗೆ

ಅಡಿಕೆ ಒಣಹಾಕುವ ಅಂಗಳ ಕಾಣುವಂತೆ ಅಗ್ಗದ ವೈಫೈ ಕ್ಯಾಮೆರಾವೊಂದನ್ನು ಕೊಟ್ಟಿಗೆಯ ಸೂರಿನಡಿ ಕೂರಿಸಿದಾಗ ನನಗೆ ಮೊದಲು ತೊಡಕಾದದ್ದು ಮಳೆಯಲ್ಲ, ಕರೆಂಟು. ಹತ್ತಿರದಲ್ಲಿ ಪ್ಲಗ್ ಪಾಯಿಂಟ್ ಇಲ್ಲದ್ದರಿಂದ, ಮೊಬೈಲ್ ಚಾರ್ಜರಿನ 5 ವೋಲ್ಟನ್ನೇ 30 ಮೀಟರ್ ನೆಟ್‌ವರ್ಕ್ ಕೇಬಲ್ಲಿನ ಎಳೆಗಳಲ್ಲಿ ಹಾಯಿಸಿದೆ. ಹಗಲೆಲ್ಲ ಸರಿಯಾಗಿದ್ದ ಕ್ಯಾಮೆರಾ, ಮುಸ್ಸಂಜೆಗೆ 'ಟಿಕ್' ಎಂದು ರಾತ್ರಿಯ ಚಿತ್ರಕ್ಕೆ ಬೇಕಾದ ಇನ್‌ಫ್ರಾರೆಡ್ ದೀಪ ಹೊತ್ತಿಸಿದ ಕೂಡಲೇ ಆರಿ, ಮತ್ತೆ ಎದ್ದು, ಮತ್ತೆ ಆರುತ್ತಿತ್ತು.

ಇಂಥ ಕೇಬಲ್ಲಿನ ಒಂದು ತಾಮ್ರದ ಎಳೆಗೆ 30 ಮೀಟರಿನಲ್ಲಿ ಸುಮಾರು 2.5 ಓಮ್ ರೋಧವಿರುತ್ತದೆ. ಹೋಗಲು ಎರಡು, ಬರಲು ಎರಡು ಎಳೆ ಜೋಡಿಸಿದರೂ, ದೀಪ ಹೊತ್ತಿ ಅರ್ಧ ಆಂಪಿಯರ್ ಹರಿದಾಗ 1.25 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಅಷ್ಟೇ ಶಕ್ತಿಯನ್ನು 48 ವೋಲ್ಟಿನಲ್ಲಿ ಕಳುಹಿಸಿದರೆ ಕರೆಂಟು ಹತ್ತರಲ್ಲೊಂದು ಪಾಲು ಸಾಕಾಗುವುದರಿಂದ ಈ ನಷ್ಟ ಲೆಕ್ಕಕ್ಕೇ ಬರುವುದಿಲ್ಲ.

ಆದ್ದರಿಂದ ಮನೆಯೊಳಗೆ ನೆಟ್‌ವರ್ಕ್ ಕೇಬಲ್ಲಿಗೇ 48 ವೋಲ್ಟ್ ಹಾಯಿಸುವ, 802.3ಎಎಫ್ ಮಾನದಂಡದ ಪಿಒಇ ಇಂಜೆಕ್ಟರನ್ನೂ, ಕ್ಯಾಮೆರಾದ ಬಳಿ 48 ವೋಲ್ಟನ್ನು 5ಕ್ಕೆ ಇಳಿಸುವ ಯುಎಸ್‌ಬಿ ಬಾಲದ ಸ್ಪ್ಲಿಟರನ್ನೂ ಹಾಕಬೇಕು. 'ಪ್ಯಾಸಿವ್' ಎಂದು ಬರೆದಿರುವ ಅಗ್ಗದ ಜೋಡಿ ಬೇಡ. ಆಚೆ ತುದಿಯಲ್ಲಿ ಏನಿದೆಯೆಂದು ವಿಚಾರಿಸದೆಯೇ ಅದು ವೋಲ್ಟೇಜ್ ಹಾಯಿಸಿಬಿಡುತ್ತದೆ. ಕೇಬಲ್ ಕೊಳ್ಳುವಾಗ ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ಅಂಗಡಿಯಲ್ಲೇ ಬಿಟ್ಟು ಬನ್ನಿ. ಕ್ಯಾಮೆರಾದಲ್ಲಿ ನೆಟ್‌ವರ್ಕ್ ಕಿಂಡಿ ಇಲ್ಲದಿದ್ದರೆ ಚಿತ್ರ ವೈಫೈಯಲ್ಲೇ ಬರಬೇಕಾಗುತ್ತದೆಯಾದ್ದರಿಂದ, ಮೊಳೆ ಹೊಡೆಯುವ ಮೊದಲು ಅದೇ ಜಾಗದಲ್ಲಿ ಮೊಬೈಲ್ ಹಿಡಿದು ಸಿಗ್ನಲ್ ನೋಡಿಕೊಳ್ಳುವುದು ಒಳ್ಳೆಯದು.

ಸ್ಪ್ಲಿಟರನ್ನು ದೂಳೂ ಎರಚುವ ನೀರೂ ಒಳಹೋಗದ ಐಪಿ65 ದರ್ಜೆಯ ಜಂಕ್ಷನ್ ಬಾಕ್ಸಿನೊಳಗಿಟ್ಟು, ಕೇಬಲನ್ನು ತಳದ ಗ್ಲ್ಯಾಂಡಿನ (ಕೇಬಲನ್ನು ಬಿಗಿಯಾಗಿ ಹಿಡಿಯುವ ಬಿರಡೆಯ) ಮೂಲಕವೇ ಒಳಸೇರಿಸಿ. ಅದಕ್ಕೂ ಮುನ್ನ ಕೇಬಲನ್ನು ಬಾಕ್ಸಿಗಿಂತ ಒಂದು ಗೇಣು ಕೆಳಕ್ಕೆ ಬಾಗಿಸಿ ಮೇಲಕ್ಕೆ ತಂದರೆ, ಅದರ ಮೇಲೆ ಹರಿದುಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಕ್ಯಾಮೆರಾವನ್ನು ಗಾಜಿನ ಹಿಂದೆ ಮುಚ್ಚಿಡಬಾರದು, ಇನ್‌ಫ್ರಾರೆಡ್ ಬೆಳಕು ಗಾಜಿಗೆ ಬಡಿದು ಮರಳಿ ರಾತ್ರಿಯ ಚಿತ್ರವೆಲ್ಲ ಬಿಳಿಚಿಕೊಳ್ಳುತ್ತದೆ. ಎರಚಲೂ ನೇರ ಬಿಸಿಲೂ ತಾಗದ ಸೂರಿನಡಿಯೇ ಇದಕ್ಕೆ ತಕ್ಕ ಜಾಗ. ಅಂಥ ಜಾಗವಿಲ್ಲದವರು ಹೊರಾಂಗಣದ ಕ್ಯಾಮೆರಾವನ್ನೇ ಕೊಳ್ಳುವುದು ಲೇಸು. ಜೇಡವಂತೂ ಎಲ್ಲಿಟ್ಟರೂ ಲೆನ್ಸಿನ ಮುಂದೆ ಬಲೆ ಕಟ್ಟುತ್ತದೆ, ವಾರಕ್ಕೊಮ್ಮೆ ಒರೆಸಬೇಕು.

ಹೊರಗಿನಿಂದ ಬರುವ ಕೇಬಲ್ ಸಿಡಿಲಿನ ಆಘಾತವನ್ನು ರೂಟರಿನವರೆಗೂ ತರಬಲ್ಲದು. ಆ ಆಘಾತವನ್ನು ನೆಲಕ್ಕಿಳಿಸಲು ಸರಿಯಾದ ಅರ್ಥಿಂಗ್ ಇರುವ ಸರ್ಜ್ ಪ್ರೊಟೆಕ್ಟರ್ ಹಾಕಿದ್ದರೂ, ಏಪ್ರಿಲ್–ಮೇ ತಿಂಗಳ ಸಂಜೆಗಳಲ್ಲಿ ಮೋಡ ಕಪ್ಪಾದೊಡನೆ, ಗುಡುಗು ಶುರುವಾಗುವ ಮೊದಲೇ ನಾನು ಇಂಜೆಕ್ಟರಿನ ಎರಡೂ ಕೇಬಲ್‌ಗಳನ್ನೂ ಪ್ಲಗ್ಗನ್ನೂ ಕಿತ್ತಿಡುತ್ತೇನೆ.