ಅಪ್ಪನನ್ನು ಕಳಿಸಿಕೊಟ್ಟದ್ದು

ಅಪ್ಪ ತೀರಿಕೊಂಡದ್ದು ಆಷಾಢದ ಒಂದು ನಸುಕಿನಲ್ಲಿ, ಗಂಗಾವತಿಯ ನಮ್ಮ ಮನೆಯಲ್ಲೇ. ರಾತ್ರಿಯಿಡೀ ಜಿಟಿಜಿಟಿ ಮಳೆ. ಅವ್ವನ ಸುತ್ತ ಓಣಿಯ ಹೆಂಗಸರು ಕೂತಿದ್ದರು. ನಾನು ಅಪ್ಪನ ಪಾಕೀಟಿನಲ್ಲಿ ಪೇಸ್‌ಮೇಕರ್ ಕಾರ್ಡ್ ಹುಡುಕುತ್ತಿದ್ದೆ.

ಎದೆಬಡಿತ ಸರಿಯಿಡಲು ಅಪ್ಪನ ಎದೆಯ ಚರ್ಮದಡಿ ಇಟ್ಟಿದ್ದ ಪುಟ್ಟ ಯಂತ್ರ ಪೇಸ್‌ಮೇಕರ್. ಸುಡುವ ಮುಂಚೆ ಆ ಯಂತ್ರ ತೆಗೆಸಬೇಕು ಎಂದು ಹಾಕಿದ ಆಸ್ಪತ್ರೆಯವರು ಹೇಳಿರಲಿಲ್ಲ. ನನಗೆ ತಿಳಿದದ್ದು ಕಾಕಾ ಹೋದಾಗ, ಬೆಂಗಳೂರಿನ ಬನಶಂಕರಿ ವಿದ್ಯುತ್ ಚಿತಾಗಾರದಲ್ಲಿ. ಅಲ್ಲಿನವರು ಮೊದಲು ಕೇಳಿದ್ದೇ ಅದನ್ನು. ಒಳಗಿರುವುದು ಲಿಥಿಯಂ ಬ್ಯಾಟರಿ, ಕಾವಿಗೆ ಸಿಡಿಯುತ್ತದೆ. ಕುಲುಮೆ ಕೆಡಬಹುದು, ಬಯಲಿನ ಚಿತೆಯಾದರೆ ಹತ್ತಿರ ನಿಂತವರಿಗೆ ಪೆಟ್ಟಾಗಬಹುದು. ಹೂಳುವವರಿಗೆ ಈ ಚಿಂತೆ ಇಲ್ಲ. ನಮ್ಮ ಪಕ್ಕದ ಮನೆಯ ಲಿಂಗಾಯತ ಅಜ್ಜನಿಗೆ ಅದನ್ನು ಇದ್ದ ಹಾಗೇ ಬಿಟ್ಟು ಸಮಾಧಿ ಮಾಡಿದ್ದರು.

ಅಪ್ಪನನ್ನು ನೋಡುತ್ತಿದ್ದ ಡಾಕ್ಟರು ಬಂದು ಮರಣದ ಕಾರಣ ಬರೆದುಕೊಟ್ಟರು. ಎಡಗಡೆ ಕೊರಳೆಲುಬಿನ ಕೆಳಗೆ ಎರಡು ಬೆರಳಗಲ ಕೊಯ್ದು ಯಂತ್ರ ತೆಗೆದು, ಹೊಲಿಗೆ ಹಾಕಿ, ಹತ್ತಿ ಒತ್ತಿದರು. ಬೆಂಕಿಪೊಟ್ಟಣದಷ್ಟಿತ್ತು. ಇನ್ನೂ ಬೆಚ್ಚಗಿತ್ತು.

ಉಳಿದದ್ದೆಲ್ಲ ಮೊದಲೇ ಮಾತಾಗಿತ್ತು. ಕಾಕಾನ ತಿಥಿ ಮುಗಿಸಿ ಬಂದ ರಾತ್ರಿ ಅಪ್ಪ ತಾನಾಗಿಯೇ ಎತ್ತಿದ್ದ: "ನನ್ನ ಮೆಡಿಕಲ್ ಕಾಲೇಜಿಗೆ ಕೊಟ್ಟುಬಿಡು, ಹುಡುಗ್ರು ಕಲೀತಾರ." ಕೊಪ್ಪಳದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ದೂರದ ಮಾತೇನಲ್ಲ. ಅವ್ವ ಒಪ್ಪಲಿಲ್ಲ. "ಮೂರು ದಿನಕ್ಕ ಹಾಲು-ತುಪ್ಪ ಬಿಡಾಕ ನನಗೊಂದು ಜಾಗಾ ಬೇಕು" ಅಂದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಸುಡ್ರಿ. ಗಂಧ, ಡಬ್ಬಿ ತುಪ್ಪ ಅಂತ ಸಾಲ ಮಾಡಬ್ಯಾಡ" ಅಂದ. ಅರ್ಧ ತಾಸಿನ ಆ ಮಾತು ಇರದಿದ್ದರೆ ಆ ಬೆಳಗ್ಗೆ ದೊಡ್ಡಪ್ಪಂದಿರ ನಡುವೆ ನಾನು ಏನು ಹೇಳುತ್ತಿದ್ದೆನೋ.

ಕಾಕಾನ ವಿದ್ಯುತ್ ಚಿತೆ ಒಂದೂವರೆ ತಾಸಿನಲ್ಲಿ ಮುಗಿದಿತ್ತು, ಅದೇ ದಿನ ಬೂದಿ ಕೈಗೆ ಬಂತು. ಮಳೆಯ ಹೆದರಿಕೆ ಇಲ್ಲ, ಮರ ಉಳಿಯುತ್ತದೆ. ನನಗೆ ಅದು ಸರಿಯೆನಿಸಿತ್ತು, ಇಂದಿಗೂ ಎನಿಸುತ್ತದೆ. ಆದರೆ ಅವ್ವನಿಗೆ ಬೇಕಾದದ್ದು ಊರಿನ ರುದ್ರಭೂಮಿ, ಅಲ್ಲಿ ಕಟ್ಟಿಗೆಯ ಚಿತೆ.

ಹಸಿ ಕಟ್ಟಿಗೆಯೇ ನಿಜವಾದ ತೊಂದರೆ. ಬಯಲಲ್ಲಿ ಒಟ್ಟಿದ್ದು ಬೇಡವೆಂದು, ಅಡ್ಡೆಯಲ್ಲಿ ತಗಡಿನ ಕೆಳಗಿದ್ದ ಬಳ್ಳಾರಿ ಜಾಲಿ ನಾಲ್ಕು ಕ್ವಿಂಟಲ್ ಆರಿಸಿ ತೂಗಿಸಿದೆ. ಜಾಲಿ ಗಟ್ಟಿ ಕಟ್ಟಿಗೆ, ಒಣಗಿದ್ದರೆ ಕಾವು ಚೆನ್ನಾಗಿ ಹಿಡಿಯುತ್ತದೆ. ಸುಡುಗಾಡಿನಲ್ಲಿ ಚಿತೆ ಒಟ್ಟುವ ಹಿರಿಯರು ಎರಡು ದಪ್ಪ ತುಂಡು ಅಡ್ಡ ಇಟ್ಟು, ನಡುವೆ ಕೈ ತೂರುವಷ್ಟು ಸಂದು ಬಿಟ್ಟರು: "ಗಾಳಿ ಆಡಬೇಕ್ರಿ, ಇಲ್ಲಾಂದ್ರ ಬರೇ ಹೊಗಿ." ಒಳಗೆ ಕುಳ್ಳು, ಕರ್ಪೂರ. ಮೇಲಿದ್ದ ಪಾಲಿಸ್ಟರ್ ಶಾಲು, ಪ್ಲಾಸ್ಟಿಕ್ ಹಾರ ತೆಗೆಸಿದರು. ಯಾರೋ ಸೀಮೆಎಣ್ಣೆ ಕ್ಯಾನ್ ತಂದಾಗ ನಾನು ಬೇಡವೆಂದೆ. ಕೊಳ್ಳಿ ಹಿಡಿದವನ ಮುಖಕ್ಕೇ ಉರಿ ಚಿಮ್ಮಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಪೂರ್ತಿ ಉರಿದು ಇಳಿಯಲು ಸುಮಾರು ಆರು ತಾಸು ಹಿಡಿಯಿತು. ಕೊನೆವರೆಗೂ ಇದ್ದವರು ನಾನು, ನನ್ನ ತಮ್ಮ, ಆ ಹಿರಿಯರು.

ರುದ್ರಭೂಮಿಯ ರಸೀದಿ, ಡಾಕ್ಟರ ಪತ್ರ, ಅಪ್ಪನ ಆಧಾರ್ ಒಂದೇ ಚೀಲದಲ್ಲಿಟ್ಟು ಆ ವಾರವೇ ನಗರಸಭೆಗೆ ಕೊಟ್ಟೆ. 21 ದಿನದೊಳಗೆ ಮರಣ ನೋಂದಣಿಗೆ ಶುಲ್ಕವಿಲ್ಲ. ವರ್ಷ ದಾಟಿದರೆ ಅಧಿಕಾರಿಯ ಆದೇಶಕ್ಕೆ ಅಲೆಯಬೇಕು. ಬ್ಯಾಂಕು, ಪಿಂಚಣಿ ಎಲ್ಲಕ್ಕೂ ಆ ಪ್ರಮಾಣಪತ್ರವೇ ಬೇಕಾಯಿತು.

ಮೂರನೇ ದಿನ ಅವ್ವ ಹಾಲು-ತುಪ್ಪ ಬಿಟ್ಟಳು. ಅಸ್ಥಿಯನ್ನು ಹೊಸ ಗಡಿಗೆಯಲ್ಲಿ ತುಂಬಿ ಆನೆಗೊಂದಿಗೆ ಹೋದೆವು. ಡ್ಯಾಮಿನಿಂದ ನೀರು ಬಿಟ್ಟಿದ್ದರಿಂದ ಹರಿಗೋಲು ನಿಂತಿದ್ದವು. ದಡದ ಬಂಡೆಯ ಮೇಲೆ ಕೂತು ಅವ್ವನೇ ಗಡಿಗೆ ಬಗ್ಗಿಸಿದಳು. ತುಂಗಭದ್ರೆ ಕೆಂಪಗೆ ಹರಿಯುತ್ತಿದ್ದಳು.