17ನೇ ಲೆವೆಲ್ ಪಾರ್ಟಿಗೆ ಗುಮಾಸ್ತ ವಿಲನ್: ನನ್ನ ಅನುಭವ

ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಡೈಸ್ ಉರುಳಿಸುತ್ತಾ ಕತೆ ಕಟ್ಟುವ ಟೇಬಲ್ ಆಟ; ಇಲ್ಲಿನ ಲೆಕ್ಕವೆಲ್ಲ 2014ರ ನಿಯಮದ್ದು. ಕತೆ ನಡೆಸುವ ಡಿಎಂ ನಾನು, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ, ಆ ಪಾತ್ರಗಳ ಗುಂಪೇ ಪಾರ್ಟಿ. ಲೆವೆಲ್ ಏರಿದಷ್ಟೂ ಬಲ ಜಾಸ್ತಿ. ಸುಮಾರು ಐದು ತಿಂಗಳು, ಹನ್ನೊಂದು ಸೆಷನ್. ನಮ್ಮ ಪಾರ್ಟಿಯನ್ನು ಅಷ್ಟು ದಿನ ಒದ್ದಾಡಿಸಿದ ವಿಲನ್‌ಗೆ ಇದ್ದದ್ದು 27 ಹಿಟ್ ಪಾಯಿಂಟ್, ಅಂದರೆ ಅಷ್ಟು ಪೆಟ್ಟು ತಿಂದರೆ ಮುಗಿದ. ಪೆಟ್ಟು ತಪ್ಪಿಸುವ ಆರ್ಮರ್ ಕ್ಲಾಸ್ ಬರೀ 12. ಒಂದು ಸ್ಪೆಲ್ಲೂ (ಮಂತ್ರ) ಬರುವುದಿಲ್ಲ. ಪುಸ್ತಕದಲ್ಲಿರುವ ಸ್ಪೈ ಸ್ಟ್ಯಾಟ್ ಬ್ಲಾಕನ್ನು (ಗೂಢಚಾರನ ಅಂಕಿಪಟ್ಟಿ) ಹಾಗೇ ಎತ್ತಿಕೊಂಡು, ಅದರಲ್ಲಿದ್ದ ಸ್ನೀಕ್ ಅಟ್ಯಾಕನ್ನೂ (ಹೊಂಚಿನ ಪೆಟ್ಟು) ತೆಗೆದುಹಾಕಿದ್ದೆ.

ಇದನ್ನು ಹೇಳಿದಾಗ ನನಗಿಂತ ಹಳಬನಾದ ಒಬ್ಬ ಡಿಎಂ ಗೆಳೆಯ, "ಗುರು, 17ನೇ ಲೆವೆಲ್ ಪಾರ್ಟಿ ಮುಂದೆ ಗುಮಾಸ್ತನಾ? ಒಂದು ಫೈರ್‌ಬಾಲ್ ಸಾಕು, ಮನೆಗೆ ಹೋಗ್ತಾರೆ" ಅಂದಿದ್ದ. ಅವನ ಮಾತು ತಪ್ಪಲ್ಲ. ಆ ಹೊತ್ತಿಗೆ ನಾನು ದೊಡ್ಡ ವಿಲನ್‌ಗಳನ್ನು ತಂದು ಎರಡು ಸಲ ಸೋತಿದ್ದೆ.

ಮೊದಲನೆಯದು ಲಿಚ್, ಸತ್ತೂ ಸಾಯದ ಮಂತ್ರವಾದಿ. ಆರು ತಿಂಗಳು ಅದರ ಹೆಸರು ಹೇಳಿ ಹೇಳಿ ಹೆದರಿಸಿದ್ದೆ. 135 ಹಿಟ್ ಪಾಯಿಂಟ್ ಅಷ್ಟೇ ಅಲ್ವಾ? ಪ್ಯಾಲಡಿನ್‌ಗೆ (ದೇವರ ಬಲದ ಯೋಧ) ಒಂದು ಕ್ರಿಟ್ ಬಿತ್ತು, ಅಂದರೆ ಪೆಟ್ಟಿನ ಡೈಸ್ ದುಪ್ಪಟ್ಟು; ಸ್ಮೈಟ್ ಅನ್ನುವ ದೈವಬಲದ ಪೆಟ್ಟನ್ನೂ ಸೇರಿಸಿದ. ಎರಡನೇ ರೌಂಡ್ ಮುಗಿಯುವ ಮೊದಲೇ ಲಿಚ್ ಪುಡಿಪುಡಿ. ಎರಡನೆಯದು ಏನ್ಷಿಯಂಟ್ ರೆಡ್ ಡ್ರ್ಯಾಗನ್, 546 ಹಿಟ್ ಪಾಯಿಂಟ್. ಅದಕ್ಕೆಂದೇ ದೊಡ್ಡ ಮಿನಿಯೇಚರ್ ತ್ರೀಡಿ ಪ್ರಿಂಟ್ ಮಾಡಿಸಿದೆ. ಪ್ರಿಂಟ್, ಬಣ್ಣ ಎಲ್ಲ ಸೇರಿ ನಾಲ್ಕೂವರೆ ಸಾವಿರದ ಹತ್ತಿರ ಆಯಿತು. ಮೂರು ವಾರ ರಾತ್ರಿ ಕೂತು ಬಣ್ಣ ಹಚ್ಚಿದ್ದೆ. ಪಾರ್ಟಿ ಹೀರೋಸ್ ಫೀಸ್ಟ್ ಅನ್ನುವ, ಭಯ ಕಳೆಯುವ ಮಂತ್ರದ ಊಟ ಉಂಡು ಬಂದಿತ್ತು, ಡ್ರ್ಯಾಗನ್ನಿನ ಹೆದರಿಕೆ ಯಾರಿಗೂ ತಟ್ಟಲೇ ಇಲ್ಲ. ನಾಲ್ಕು ರೌಂಡಿಗೆ ಮುಗೀತು. ಮೇಲೆ ಮಿನಿಯನ್ಸ್ (ಚಿಲ್ಲರೆ ಶತ್ರುಗಳು) ಸುರಿಯುವುದು, ಹಿಟ್ ಪಾಯಿಂಟ್ ಗುಟ್ಟಾಗಿ ಏರಿಸುವುದು ನನಗೆ ಇಷ್ಟವಿಲ್ಲ. ಆಟಗಾರರು ಬೆವರು ಸುರಿಸಿ ಗಳಿಸಿದ ಬಲ ಅದು. ಅದನ್ನು ಕದಿಯಬಾರದು.

ಆಗ ನನಗೆ ಹೊಳೆದದ್ದು ಇದು: ಈ ಮಟ್ಟದಲ್ಲಿ ಪಾರ್ಟಿಗಿಂತ ಬಲಶಾಲಿಯನ್ನು ಹುಡುಕುವುದೇ ದಂಡ. ಪಾರ್ಟಿಯ ಕಣ್ಣಿಗೇ ಬೀಳದಷ್ಟು ಚಿಕ್ಕವನು ಬೇಕು. ಅವನಿಗೆ ಪಾರ್ಟಿಯ ಮೇಲೆ ನ್ಯಾಯವಾದ ಸಿಟ್ಟಿರಬೇಕು.

ಅವನನ್ನು ಹೊಸದಾಗಿ ಹುಟ್ಟಿಸಲಿಲ್ಲ, ಹಳೆಯ ನೋಟ್ ಪುಸ್ತಕದಲ್ಲಿ ಹುಡುಕಿದೆ. ಎರಡು ವರ್ಷದ ಹಿಂದೆ, ಪಾರ್ಟಿ 9ನೇ ಲೆವೆಲ್‌ನಲ್ಲಿದ್ದಾಗ, ಒಂದು ನದಿ ದಾಟುವಲ್ಲಿ ಜಗಳವಾಗಿತ್ತು. ಪಾರ್ಟಿಯ ಯೋಧ ಬಾರ್ಬೇರಿಯನ್ ಸತ್ತ. ಪಕ್ಕದಲ್ಲೇ ದೋಣಿ ನಡೆಸುವ ಹುಡುಗನೂ ಸತ್ತ. ಪೂಜಾರಿ ಪಾತ್ರವಾದ ಕ್ಲೆರಿಕ್ ಹತ್ತಿರ 300 ಚಿನ್ನದ ನಾಣ್ಯದ ವಜ್ರ ಒಂದೇ ಇತ್ತು. ಆ ವಜ್ರ ಖರ್ಚು ಮಾಡಿ, ಈಗಷ್ಟೇ ಸತ್ತವರನ್ನು ಎಬ್ಬಿಸುವ ರಿವಿವಿಫೈ ಮಂತ್ರ ಬಾರ್ಬೇರಿಯನ್‌ಗೆ ಹೋಯಿತು. ಆ ಹುಡುಗನ ಬಗ್ಗೆ ಯಾರೂ ಕೇಳಲೇ ಇಲ್ಲ. ನನ್ನ ಪುಸ್ತಕದಲ್ಲಿ ಒಂದೇ ಸಾಲು: "ದೋಣಿ ಹುಡುಗ ಸತ್ತ. ಅಪ್ಪ ಸುಂಕದ ಕಟ್ಟೆ ಗುಮಾಸ್ತ."

ಆ ಸಾಲು ಓದಿ ಮೈ ಜುಮ್ ಅಂತು. ವಿಲನ್ ಸಿಕ್ಕಿದ್ದ. ಅವನ ಆಯುಧ ಯಾವುದು ಅನ್ನುವುದೂ ಅದರಲ್ಲೇ ಇತ್ತು: ವಜ್ರ.

ಆಡುವವರಿಗೆ ಗೊತ್ತು, ಸತ್ತವರನ್ನು ಬದುಕಿಸುವ ಈ ಮಂತ್ರಗಳಿಗೆ ವಜ್ರ ಬೇಕು. ರಿವಿವಿಫೈಗೆ 300ರ ವಜ್ರ, ರೈಸ್ ಡೆಡ್‌ಗೆ 500, ರೆಸರೆಕ್ಷನ್‌ಗೆ 1,000, ಟ್ರೂ ರೆಸರೆಕ್ಷನ್‌ಗೆ 25,000. ದೊಡ್ಡ ಲೆವೆಲ್ ಪಾರ್ಟಿ ಸಾವಿಗೆ ಹೆದರದಿರುವುದು ಚೀಲದಲ್ಲಿರುವ ಈ ಕಲ್ಲುಗಳಿಂದ. ಗುಮಾಸ್ತ ಹತ್ತು ವರ್ಷ ಸುಂಕದ ಕಟ್ಟೆಯಲ್ಲಿ ಕೂತವನು. ಯಾರ ಚೀಲದಲ್ಲಿ ಏನು ಹೋಗುತ್ತದೆ ಅಂತ ಅವನಿಗೆ ಗೊತ್ತು.

ಮೊದಲ ಯೋಜನೆಯಲ್ಲಿ ಅವನು ರಾಜ್ಯದ ವಜ್ರಗಳನ್ನೆಲ್ಲ ಕೊಂಡುಹಾಕುತ್ತಿದ್ದ. ಇದು ಮೂರನೇ ಸೆಷನ್‌ಗೇ ಕುಸಿಯಿತು. ನಮ್ಮ ರೋಗ್ (ಕಳ್ಳನ ಪಾತ್ರ) ಆಡುವವನು ನಿಜ ಜೀವನದಲ್ಲಿ ಸಿಎ. ಮೊಬೈಲ್ ತೆಗೆದು ಲೆಕ್ಕ ಹಾಕಿದ. "ಇಷ್ಟು ಕೊಳ್ಳೋಕೆ ಆರು ಲಕ್ಷ ಚಿನ್ನದ ನಾಣ್ಯ ಬೇಕು. ದುಡ್ಡು ಎಲ್ಲಿಂದ ಬರ್ತಿದೆ ಅಂತ ಹುಡುಕಿದರೆ ಆಯ್ತು, ಆಸಾಮಿ ಸಿಗ್ತಾನೆ" ಅಂದ. ಅದು ಸರಿಯಾದ ಮಾತು. ನಾನು ಒಪ್ಪಿಕೊಂಡು, ಆ ಜಾಡು ಒಬ್ಬ ಬಡ್ಡಿ ವ್ಯಾಪಾರಿಯ ಹತ್ತಿರ ಮುಗಿಯುವ ಹಾಗೆ ಮಾಡಿ, ಮನೆಗೆ ಬಂದು ಎಲ್ಲ ಮತ್ತೆ ಬರೆದೆ.

ದಾರಿ ತೋರಿಸಿದ್ದು ಹಂಪಿ. ನಾನು ಹೊಸಪೇಟೆಯವನು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್, ಗಣಿಯಲ್ಲಿ ಸಿಗುವ ವಜ್ರಗಳಲ್ಲಿ ಇಂತಿಷ್ಟು ತೂಕಕ್ಕಿಂತ ದೊಡ್ಡದು ರಾಜನ ಖಜಾನೆಗೆ ಸೇರಬೇಕು ಅನ್ನುವ ನಿಯಮದ ಬಗ್ಗೆ ಬರೆದಿದ್ದಾನೆ. ಅದನ್ನು ಮತ್ತೆ ಓದುವಾಗ ಸಿಕ್ಕಿತು. ಕೊಳ್ಳುವುದು ಯಾಕೆ? ಒಂದು ನಿಯಮ ಸಾಕಲ್ಲ! ನಮ್ಮ ಗುಮಾಸ್ತ ರಾಣಿಯ ಕಚೇರಿಗೆ ಒಂದು ಟಿಪ್ಪಣಿ ಬರೆದ. 300 ನಾಣ್ಯದ ಅಥವಾ ಅದಕ್ಕೂ ಮೇಲ್ಪಟ್ಟ ವಜ್ರಕ್ಕೆ ಮುದ್ರೆ ಹಾಕಿದ ರಸೀದಿ ಬೇಕು, ಇಲ್ಲದಿದ್ದರೆ ಅದು ಖಜಾನೆಯ ಸ್ವತ್ತು. ರಾಣಿಗೆ ಆದಾಯ, ಮಂತ್ರಿಗೆ ಹೆಸರು. ಮುದ್ರೆ ಮಾತ್ರ ಗುಮಾಸ್ತನ ಕೈಯಲ್ಲಿ. ಖರ್ಚು ಒಂದು ಹಾಳೆ, ಸ್ವಲ್ಪ ಶಾಯಿ.

ನನ್ನ ತಾತನ ಊರಲ್ಲಿ ಜನ ಪಟೇಲರಿಗಿಂತ ಶಾನುಭೋಗರಿಗೆ ಜಾಸ್ತಿ ಹೆದರುತ್ತಿದ್ದರಂತೆ. ಪಟೇಲರು ಬೈದರೆ ಮರೆತುಹೋಗುತ್ತಿತ್ತು, ಪುಸ್ತಕದಲ್ಲಿ ಬರೆದದ್ದು ಉಳಿಯುತ್ತಿತ್ತು. ಆಟಗಾರರು ಅವನ ಹೆಸರು ತಿಳಿಯುವ ಮೊದಲೇ ಅವನನ್ನು "ಶಾನುಭೋಗ" ಅಂತ ಕರೆಯಲು ಶುರು ಮಾಡಿದರು. ನಾನು ಸುಮ್ನೆ ನಕ್ಕೆ.

ಇಲ್ಲಿ ಒಂದು ಜಗಳ ಬಂದೇ ಬರುತ್ತದೆ, ನಿಮ್ಮ ಟೇಬಲ್‌ನಲ್ಲೂ ಬರುತ್ತದೆ. "ವಜ್ರದ ಬೆಲೆ ಏರಿದರೆ ಸಣ್ಣ ಕಲ್ಲೇ 300 ಬಾಳುತ್ತಲ್ಲ, ಅದರಲ್ಲೇ ರಿವಿವಿಫೈ ಮಾಡ್ತೀವಿ" ಅಂತ. ನಮ್ಮ ಸಿಎ ಇದನ್ನು ಮುಕ್ಕಾಲು ಗಂಟೆ ವಾದಿಸಿದ. ದೇವರಿಗೆ ಸಂತೆಯ ಬೆಲೆ ಲೆಕ್ಕಕ್ಕಿಲ್ಲ, ಹಳೇ ತೂಕವೇ ಲೆಕ್ಕ ಅಂತ ನಾನು ತೀರ್ಪು ಕೊಟ್ಟೆ. ಈ ತೀರ್ಪನ್ನು ಕ್ಯಾಂಪೇನ್ (ಇಡೀ ಕತೆಯಾಟ) ಶುರುವಿನಲ್ಲೇ ಹೇಳಿಡಿ. ನಡುವೆ ಹೇಳಿದರೆ ಮೋಸದ ಹಾಗೆ ಕಾಣುತ್ತದೆ. ನನಗೆ ಒಂದು ಸಂಜೆ ಪೂರ್ತಿ ಅದರಲ್ಲೇ ಹೋಯಿತು.

ಬಚ್ಚಿಡುವ ವಿಚಾರದಲ್ಲೂ ಮೊದಲು ತಪ್ಪು ಮಾಡಿದೆ. ದೂರದಿಂದಲೇ ಒಬ್ಬರನ್ನು ನೋಡುವ ಸ್ಕ್ರೈಯಿಂಗ್ ಮಂತ್ರಕ್ಕೆ ಹೆದರಿ ಅವನಿಗೆ ಅದನ್ನು ತಡೆಯುವ ನಾನ್‌ಡಿಟೆಕ್ಷನ್ ಹಾಕಿಸಿದೆ. ಎಂಟು ಗಂಟೆಗೆ 25 ನಾಣ್ಯದ ವಜ್ರದ ಪುಡಿ, ಅಂದರೆ ದಿನಕ್ಕೆ 75. ವರ್ಷಕ್ಕೆ 27 ಸಾವಿರ ದಾಟುತ್ತದೆ. ಗುಮಾಸ್ತನ ಸಂಬಳಕ್ಕೆ ಇದು ಹೊಂದುವುದಿಲ್ಲ. ಅದನ್ನು ಕಿತ್ತು ಹಾಕಿದ ಮೇಲೆ ಗೊತ್ತಾಯಿತು, ಅವನಿಗೆ ಅದು ಬೇಕಾಗಿಯೇ ಇರಲಿಲ್ಲ. ಸ್ಕ್ರೈಯಿಂಗ್ ಮಾಡಲು ಯಾರನ್ನು ನೋಡಬೇಕು ಅಂತ ಗೊತ್ತಿರಬೇಕು. ಇವನು ಯಾರಿಗೆ ಗೊತ್ತು?

ಒಂದು ದಿನ ಕ್ಲೆರಿಕ್ ಕಮ್ಯೂನ್ ಹಾಕಿದರು, ದೇವರನ್ನೇ ಪ್ರಶ್ನೆ ಕೇಳುವ ಮಂತ್ರ. ಕ್ಲೆರಿಕ್ ಆಡುವವರು ನಮ್ಮೆಲ್ಲರಿಗಿಂತ ಹಿರಿಯರು, ಎಲ್ಲರೂ ಅಕ್ಕ ಅಂತೀವಿ. ಮೂರು ಪ್ರಶ್ನೆ, ಹೌದು ಅಥವಾ ಇಲ್ಲ. "ನಮ್ಮ ಶತ್ರು ಮಂತ್ರವಾದಿಯೇ?" ಇಲ್ಲ. "ಡ್ರ್ಯಾಗನ್ನೇ?" ಇಲ್ಲ. "ಪಾತಾಳದವನೇ?" ಇಲ್ಲ. ಮೂರೂ ಮುಗಿಯಿತು. ಐದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ಕು ವರ್ಷದಲ್ಲಿ ನನ್ನ ಟೇಬಲ್‌ನಲ್ಲಿ ಅಷ್ಟು ಭಯ ನಾನು ನೋಡಿರಲಿಲ್ಲ. ಅವನು ಆ ಹೊತ್ತಿಗೆ ನಲವತ್ತು ಗುಮಾಸ್ತರ ನಡುವೆ ಕೂತು ಮಜ್ಜಿಗೆ ಕುಡಿಯುತ್ತಿದ್ದ.

ಅವನು ಯಾರನ್ನೂ ಕೊಲ್ಲಲಿಲ್ಲ ಅನ್ನುವುದು ಮುಖ್ಯ. ಕೊಲ್ಲಲು ಲೋಕದಲ್ಲಿ ಬೇರೆಯವರಿದ್ದಾರೆ. ಬೇಲೋರ್ ಅನ್ನುವ ಒಂದು ರಾಕ್ಷಸ ಸಾಯುವಾಗ ಸಿಡಿಯಿತು, 20ಡಿ6 (ಆರು ಮುಖದ ಇಪ್ಪತ್ತು ಡೈಸ್) ಬೆಂಕಿ, ಪಕ್ಕದಲ್ಲಿದ್ದ ಬಾರ್ಬೇರಿಯನ್ ಹೋದ. ಮೊದಲಾಗಿದ್ದರೆ ರಿವಿವಿಫೈ ಆರು ಸೆಕೆಂಡಿನ ಕೆಲಸ. ಈಗ ಚೀಲದಲ್ಲಿ ಕಲ್ಲಿಲ್ಲ.

ವಿಝರ್ಡ್ (ಪಾರ್ಟಿಯ ಮಂತ್ರವಾದಿ) ಹತ್ತಿರ ಬೇಡಿದ್ದು ಕೊಡುವ ವಿಶ್ ಮಂತ್ರ ಇದೆಯಲ್ಲ ಅಂತ ನೀವು ಕೇಳುತ್ತೀರಿ. ಹೌದು, ವಿಶ್‌ನಿಂದ ರೆಸರೆಕ್ಷನ್ ನಕಲು ಮಾಡಿದರೆ ವಜ್ರ ಬೇಕಿಲ್ಲ. ಅವನೂ ಮಾಡಿದ. ಆದರೆ ಅಷ್ಟು ದೊಡ್ಡ ಮಂತ್ರ ಹಾಕಲು ಬೇಕಾದ 9ನೇ ಲೆವೆಲ್ ಸ್ಲಾಟ್ ದಿನಕ್ಕೆ ಒಂದೇ. ಯಾರೋ ಒಬ್ಬರು ಸತ್ತ ದಿನ ಉಲ್ಕೆ ಸುರಿಸುವ ಮೀಟಿಯರ್ ಸ್ವಾರ್ಮ್ ಇಲ್ಲ. ಒಂದು ರಬ್ಬರ್ ಸ್ಟ್ಯಾಂಪ್ ಪಾರ್ಟಿಯ ಅತಿ ದೊಡ್ಡ ಆಯುಧವನ್ನು ಕಸಿದುಕೊಂಡಿತ್ತು. (ಪಾತ್ರದ್ದೇ ನಕಲು ಸೃಷ್ಟಿಸುವ ಸಿಮ್ಯುಲಾಕ್ರಮ್ ಮಂತ್ರ ನಮ್ಮಲ್ಲಿ ಮೊದಲಿಂದಲೂ ಬ್ಯಾನ್. ಅದಿದ್ದರೆ ಈ ಯೋಜನೆ ನಿಲ್ಲುವುದಿಲ್ಲ.)

ಆಮೇಲೆ ಸಿಎ ಹೇಳಿದ, ವಿಶ್‌ನಿಂದ 25,000 ನಾಣ್ಯದ ಒಂದು ವಸ್ತುವನ್ನೇ ಸೃಷ್ಟಿಸಬಹುದು, ದೊಡ್ಡ ವಜ್ರ ಮಾಡಿ ಒಡೆದರೆ 83 ರಿವಿವಿಫೈ ಆಗುತ್ತೆ ಅಂತ. ಹೀಗೆ ಮಾಡಿದರೆ ನೂರಕ್ಕೆ 33ರಷ್ಟು ಸಲ ವಿಶ್ ಶಾಶ್ವತವಾಗಿ ಹೋಗುತ್ತದೆ. 33 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೋಯಿತು. ವಿಝರ್ಡ್ ಡೈಸ್ ಉರುಳಿಸಿದ. 29. ಟೇಬಲ್ ಪೂರ್ತಿ ಗಪ್‌ಚುಪ್. ಕಲ್ಲು ಸಿಕ್ಕಿತು, ವಿಶ್ ಹೋಯಿತು. ಕಲ್ಲನ್ನು ಕೊರೆಯುವವನ ಹತ್ತಿರ ಒಯ್ದರೆ ಅವನು ಕೇಳಿದ್ದು, "ರಸೀದಿ ಇದೆಯಾ ಸ್ವಾಮಿ?"

ಪ್ಯಾಲಡಿನ್ ಕತ್ತಿ ತೋರಿಸಿದ. ಮರುದಿನ ಊರಿನ ಎಲ್ಲ ವಜ್ರದ ಅಂಗಡಿಗಳ ಬಾಗಿಲು ಮುಚ್ಚಿತ್ತು. ಊರನ್ನು ಉಳಿಸಿದ ವೀರರಿಗೆ ಊರೇ ಬೆನ್ನು ತಿರುಗಿಸಿತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. 1987ರಲ್ಲಿ ಡ್ರ್ಯಾಗನ್ ಮ್ಯಾಗಜೀನ್‌ನಲ್ಲಿ ಬಂದಿದ್ದ, ಕೋಬೋಲ್ಡ್ ಅನ್ನುವ ಪುಟ್ಟ ಜೀವಿಗಳು ದೊಡ್ಡ ಪಾರ್ಟಿಯನ್ನೇ ಗೋಳಾಡಿಸಿದ ಟಕರ್ಸ್ ಕೋಬೋಲ್ಡ್ಸ್ ಕತೆ ಹಳಬರಿಗೆ ಗೊತ್ತೇ ಇದೆ. ನಾನೂ ಐದೈದು ಹಿಟ್ ಪಾಯಿಂಟ್‌ನ ಕೋಬೋಲ್ಡ್‌ಗಳನ್ನು ಸುರಂಗದಲ್ಲಿ ಕೂರಿಸಿ ಒಂದು ರಾತ್ರಿ ನಡೆಸಿದೆ. ಕಷ್ಟ ಕೊಟ್ಟವು, ನಿಜ. ಆದರೆ ಮುಗಿದ ಮೇಲೆ ಮಾತಾಡಲು ಏನೂ ಉಳಿಯಲಿಲ್ಲ, ದ್ವೇಷಿಸಲು ಒಂದು ಮುಖವೇ ಇರಲಿಲ್ಲ. ಇದೇ ಗುಮಾಸ್ತನನ್ನು ಮೈಸೂರಿನಲ್ಲಿ ತಂಗಿಯ ಗೆಳೆಯರ 5ನೇ ಲೆವೆಲ್ ಟೇಬಲ್‌ಗೂ ಒಯ್ದೆ. ಪೂರ್ತಿ ಠುಸ್. ಅವರ ಹತ್ತಿರ ಕಳೆದುಕೊಳ್ಳಲು ವಜ್ರವೇ ಇರಲಿಲ್ಲ. ಈ ವಿಲನ್ ದೊಡ್ಡ ಲೆವೆಲ್‌ಗೆ ಮಾತ್ರ.

ಖರ್ಚು ಹೇಳಬೇಕು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೆಂಪು ಬಟ್ಟೆ ರಟ್ಟಿನ ಕಿರ್ದಿ ಪುಸ್ತಕ ತಂದೆ, 180 ರೂಪಾಯಿ ಇರಬೇಕು. ಅಲ್ಲೇ ಹತ್ತಿರ ಮುದ್ರೆ ಮಾಡಿಸಿದೆ, 120ರ ಆಸುಪಾಸು. ಡ್ರ್ಯಾಗನ್‌ನ ಖರ್ಚಿನ ಹತ್ತನೇ ಒಂದು ಭಾಗವೂ ಆಗಲಿಲ್ಲ. ಪುಸ್ತಕದಲ್ಲಿ ಪಾರ್ಟಿ ಎರಡು ವರ್ಷದಲ್ಲಿ ಬಳಸಿದ ಪ್ರತಿಯೊಂದು ವಜ್ರವನ್ನೂ ಬರೆದೆ: ತಾರೀಕು, ಯಾರಿಗೆ, ಎಷ್ಟರದ್ದು. ಪಕ್ಕದ ಕಲಮಿನಲ್ಲಿ ಅದೇ ದಿನ ಅಲ್ಲೇ ಸತ್ತು ಹಾಗೇ ಬಿಟ್ಟವರ ಹೆಸರು. ಮೂವತ್ತೊಂದು ವಜ್ರ. ಪಕ್ಕದಲ್ಲಿ ನೂರಕ್ಕೂ ಮೇಲೆ ಹೆಸರು. ಹಳೇ ನೋಟ್ಸ್ ನೋಡಿ ಬರೆದದ್ದು, ಒಂದನ್ನೂ ಸುಳ್ಳು ಸೇರಿಸಲಿಲ್ಲ.

ಕೊನೆಗೆ ಅವನೇ ಬಂದ, ಒಬ್ಬನೇ. ಪುಸ್ತಕವನ್ನು ನಾನು ನಿಜವಾಗಿಯೂ ಅಕ್ಕನ ಮುಂದಿಟ್ಟೆ. ಅವರು ಓದುತ್ತಾ ಓದುತ್ತಾ ಆ ನದಿಯ ಸಾಲಿಗೆ ಬಂದು ನಿಂತರು. ಅವನು ಜೇಬಿನಿಂದ 1,000 ನಾಣ್ಯದ ಒಂದು ವಜ್ರ ತೆಗೆದ, ರಸೀದಿ ಸಮೇತ. ಆ ರಾಜ್ಯದಲ್ಲಿ ರೆಸರೆಕ್ಷನ್ ಹಾಕಬಲ್ಲ ಕ್ಲೆರಿಕ್ ಇದ್ದದ್ದು ಒಬ್ಬರೇ. "ನನ್ನ ಮಗನಿಗೆ ಅಮ್ಮಾ. ಈ ಸಲ ಸಾಲಿನಲ್ಲಿ ಅವನು ಮೊದಲು."

ಅಕ್ಕ ಮಾಡುತ್ತೇನೆ ಅಂದರು. ಪ್ಯಾಲಡಿನ್ ಬೇಡ ಅಂದ. ಬಾರ್ಬೇರಿಯನ್ ಆಡುವವನು ತನ್ನ ಜೀವ ಯಾವ ಬೆಲೆಗೆ ಬಂದದ್ದು ಅಂತ ಅವತ್ತೇ ತಿಳಿದವನ ಹಾಗೆ ಸುಮ್ಮನೆ ಕೂತಿದ್ದ. ಎರಡೂವರೆ ಗಂಟೆ ಒಂದೇ ಒಂದು ಡೈಸ್ ಉರುಳಲಿಲ್ಲ. 27 ಹಿಟ್ ಪಾಯಿಂಟ್‌ನವನು ಕೈ ಅಳತೆಯಲ್ಲಿ ಕೂತಿದ್ದ, ಯಾರೂ ಮುಟ್ಟಲಿಲ್ಲ. ಆ ಸಂಜೆ ಅವನನ್ನು ಉಳಿಸಿದ್ದು ಪುಸ್ತಕ ಒಂದೇ ಅಲ್ಲ, ಇನ್ನೊಂದು ವ್ಯವಸ್ಥೆಯೂ ಇತ್ತು. ಅದನ್ನು ನನ್ನ ಇನ್ನೊಂದು ಟೇಬಲ್ ಮುಗಿಯುವವರೆಗೆ ಹೇಳುವುದಿಲ್ಲ.

ಫೈರ್‌ಬಾಲ್ ಸಾಕು ಅಂದಿದ್ದ ಗೆಳೆಯ ಅವತ್ತು ಪಕ್ಕದಲ್ಲಿ ಕೂತು ನೋಡುತ್ತಿದ್ದ. ಎದ್ದು ಹೋಗುವಾಗ, "ಆ ಕಿರ್ದಿ ಪುಸ್ತಕ ಒಂದು ವಾರ ಕೊಡ್ತೀಯಾ?" ಅಂದ. ಕೊಟ್ಟೆ. ಕೊನೆಯ ನಾಲ್ಕು ಹಾಳೆ ಮಾತ್ರ ಬಿಚ್ಚಿ ಇಟ್ಟುಕೊಂಡೆ.